ಪೇಟೆಂಟ್ ವಕೀಲಿಕೆಯಿಂದ ಸ್ಟಾರ್ಟಪ್ ಸಲಹೆಗೆ, ಅಲ್ಲಿಂದ ಸ್ವಂತ ಕಂಪನಿಗೆ: ಮೊದಲು ಏನು ಕಲಿಯಬೇಕು?

ಐದು ವರ್ಷ ಪೇಟೆಂಟ್ ಅರ್ಜಿ ಬರೆದಿದ್ದೀರಿ. ಇನ್ನು ಸ್ಟಾರ್ಟಪ್‌ಗಳಿಗೆ ಸಲಹೆ ಕೊಡಬೇಕು, ಆಮೇಲೆ ಸ್ವಂತದ್ದೊಂದು ಕಟ್ಟಬೇಕು, ಮೊದಲು ಏನು ಕಲಿಯಲಿ ಎಂದು ಕೇಳಿದ್ದೀರಿ. ಮಾಲೀಕತ್ವದ ಕಾಗದ ಓದುವುದನ್ನು ಕಲಿಯಿರಿ ಅಂತೀನಿ. ಕ್ಲೇಮ್ (ಆವಿಷ್ಕಾರದ ಯಾವುದಕ್ಕೆ ಹಕ್ಕು ಕೇಳುತ್ತೇವೆ ಎಂದು ಹೇಳುವ ಸಾಲು) ಬರೆಯುವುದು ನಿಮಗೆ ಆಗಲೇ ಬರುತ್ತದೆ. ಹೂಡಿಕೆದಾರರ ವಕೀಲರು ಕೇಳುವ ಮೊದಲ ಪ್ರಶ್ನೆಯೇ "ಇದು ಕಂಪನಿಯದ್ದು ಅನ್ನೋದಕ್ಕೆ ಕಾಗದ ಎಲ್ಲಿ?"

ಹೊಸ ಕಕ್ಷಿದಾರರು ಬಂದ ದಿನವೇ ಒಂದು ಪಟ್ಟಿ ಮಾಡಿಸಿ: ಕೋಡ್, ವಿನ್ಯಾಸ, ಲೋಗೊ ಮುಟ್ಟಿದ ಪ್ರತಿಯೊಬ್ಬರ ಹೆಸರು, ಆಗ ಅವರು ಎಲ್ಲಿ ಕೆಲಸದಲ್ಲಿದ್ದರು, ಯಾವ ಕರಾರಿಗೆ ಸಹಿ ಹಾಕಿದ್ದಾರೆ. ಕಂಪನಿ ನೋಂದಣಿಗೆ ಮುಂಚೆ ಸಂಸ್ಥಾಪಕರು ಬರೆದ ಕೋಡ್ ಸಾಮಾನ್ಯವಾಗಿ ಅವರ ಹೆಸರಲ್ಲೇ ಉಳಿದಿರುತ್ತದೆ. ದುಡ್ಡು ಕೊಟ್ಟು ಹೊರಗಿನವರಿಂದ ಮಾಡಿಸಿದ್ದರ ಕೃತಿಸ್ವಾಮ್ಯವೂ ಅಷ್ಟೇ; ಲಿಖಿತ ವರ್ಗಾವಣೆ ಇಲ್ಲದಿದ್ದರೆ ಹಲವು ದೇಶಗಳಲ್ಲಿ ಅದು ಮಾಡಿದವರದ್ದೇ. ಸಂಸ್ಥಾಪಕರು ಜಗಳವಾಡಿ ಬೇರೆಯಾದ ಮೇಲೆ ಸಹಿ ಕೇಳಲು ಹೋದರೆ, ಆ ಸಹಿಗೆ ಬೆಲೆ ಕಟ್ಟುವವರು ಬಿಟ್ಟು ಹೋದವರು.

ವರ್ಗಾವಣೆಯ ಸಾಲಿನ ಕ್ರಿಯಾಪದ ನೋಡಿ. "ವರ್ಗಾಯಿಸಲು ಒಪ್ಪುತ್ತೇನೆ" ಎಂದರೆ ಮುಂದಿನ ಮಾತು. "ಈ ಮೂಲಕ ವರ್ಗಾಯಿಸುತ್ತೇನೆ" ಎಂದರೆ ಈಗಲೇ ಕೊಟ್ಟಂತೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಔಷಧ ಕಂಪನಿ ರೋಶ್ ನಡುವಿನ ಮೊಕದ್ದಮೆ ನಿಂತಿದ್ದು ಈ ವ್ಯತ್ಯಾಸದ ಮೇಲೆ. ಸಂಶೋಧಕರೊಬ್ಬರು ವಿಶ್ವವಿದ್ಯಾಲಯಕ್ಕೆ ಮೊದಲ ಬಗೆಯ ಸಾಲಿಗೂ, ತರಬೇತಿಗೆ ಹೋದ ಕಂಪನಿಗೆ ಎರಡನೆಯ ಬಗೆಯದಕ್ಕೂ ಸಹಿ ಹಾಕಿದ್ದರು; ಆ ಕಂಪನಿಯ ಹಕ್ಕು ಮುಂದೆ ರೋಶ್ ಕೈಗೆ ಬಂತು. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲೂ ವಿಶ್ವವಿದ್ಯಾಲಯ ಸೋತಿತು. ಆ ತೀರ್ಪನ್ನು ಪೂರ್ತಿ ಓದಿ, ಸಾರಾಂಶ ಸಾಲದು.

ಆಮೇಲೆ ದಿನಾಂಕಗಳು. ಅರ್ಜಿ ಹಾಕುವ ಮುಂಚೆ ವೇದಿಕೆ ಮೇಲೆ ಡೆಮೊ ತೋರಿಸಿದರೆ ಅಮೆರಿಕದಲ್ಲಿ ಒಂದು ವರ್ಷದ ವಿನಾಯಿತಿ ಇದೆ, ಯುರೋಪಿನಲ್ಲಿ ಪೇಟೆಂಟಿಗೆ ಬೇಕಾದ ಹೊಸತನವೇ ಹೋಯಿತು. ಮೊದಲ ಅರ್ಜಿಯಿಂದ 12 ತಿಂಗಳೊಳಗೆ ಬೇರೆ ದೇಶಗಳಿಗೆ ಅಥವಾ ಪಿಸಿಟಿಗೆ (ಹಲವು ದೇಶಗಳಿಗೆ ಸೇರಿಸಿ ಒಂದೇ ಅರ್ಜಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಹೋಗಬೇಕು. ಪಿಸಿಟಿಯಿಂದ ಆಯಾ ದೇಶಕ್ಕೆ ಇಳಿಯಲು ಹೆಚ್ಚಿನ ಕಡೆ ಅದೇ ಮೊದಲ ದಿನಾಂಕದಿಂದ 30 ತಿಂಗಳು, ಯುರೋಪಿಯನ್ ಪೇಟೆಂಟ್ ಕಚೇರಿಗೆ 31. ಅನುವಾದ, ಶುಲ್ಕ, ಸ್ಥಳೀಯ ವಕೀಲರ ಬಿಲ್ಲು ಎಲ್ಲ ಒಟ್ಟಿಗೆ ಬಂದು ಬೀಳುವುದು ಆಗ. ಯಾವ ದೇಶ ಬೇಕು, ಯಾವುದು ಬೇಡ ಎಂದು ಆರು ತಿಂಗಳು ಮುಂಚೆಯೇ ಕೂತು ಮಾತಾಡಿ. ಇನ್ನೊಂದು ಮಾತು: ಆತುರದಲ್ಲಿ ನಾಲ್ಕು ಪುಟದ ಪ್ರಾವಿಷನಲ್ (ಪೂರ್ಣ ಅರ್ಜಿಗೆ ಮುಂಚಿನ ತಾತ್ಕಾಲಿಕ ಅರ್ಜಿ) ಹಾಕಿಸಿದರೆ, ಅದರಲ್ಲಿ ವಿವರಿಸಿದ್ದಕ್ಕೆ ಮಾತ್ರ ಆ ದಿನಾಂಕ ಸಿಗುತ್ತದೆ. ಆಮೇಲೆ ಸೇರಿಸಿದ್ದಕ್ಕೆ ಇಲ್ಲ. ಇದನ್ನು ಸಂಸ್ಥಾಪಕರಿಗೆ ಬರವಣಿಗೆಯಲ್ಲೇ ತಿಳಿಸಿ.

ಶುಲ್ಕದ ಬದಲು ಷೇರು ಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ನಿಮ್ಮ ಬಾರ್ (ವಕೀಲರ ಪರಿಷತ್ತು) ನಿಯಮ ಅದಕ್ಕೆ ಅವಕಾಶ ಕೊಡುತ್ತದೆಯೇ ನೋಡಿ. ಕೊಟ್ಟರೂ ಷರತ್ತುಗಳು ಲಿಖಿತವಾಗಿರಲಿ, ಅವರು ಬೇರೆ ವಕೀಲರ ಅಭಿಪ್ರಾಯ ಪಡೆಯಲಿ.

ಸ್ವಂತ ಕಂಪನಿ ಕಟ್ಟುವಾಗ ಸನ್ನದಿನ (ವಕೀಲಿಕೆಯ ಪರವಾನಗಿ) ನಿಯಮ ಮೊದಲು ನೋಡಿ; ಕೆಲವು ದೇಶಗಳಲ್ಲಿ ವ್ಯಾಪಾರ ನಡೆಸಬೇಕಾದರೆ ವಕೀಲಿಕೆ ನಿಲ್ಲಿಸಬೇಕಾಗುತ್ತದೆ. ನಿಮ್ಮ ಕಂಪನಿಗೆ ನೀವೇ ವಕೀಲರಾಗಬೇಡಿ. ಒಂದೇ ಇಮೇಲಿನಲ್ಲಿ ವ್ಯಾಪಾರದ ಮಾತೂ ಕಾನೂನು ಸಲಹೆಯೂ ಬೆರೆತರೆ, ವಕೀಲ-ಕಕ್ಷಿದಾರ ಗೋಪ್ಯತೆ ಇದೆ ಎಂದು ಕೋರ್ಟಿನಲ್ಲಿ ವಾದಿಸುವುದು ಕಷ್ಟ. ಐಡಿಯಾ ಹಳೆಯ ಕಕ್ಷಿದಾರರ ಕಡತದಲ್ಲಿ ಹುಟ್ಟಿದ್ದಾದರೆ ಕೈ ಹಾಕಲೇಬೇಡಿ. ಅವರು ನಿಮ್ಮನ್ನು ಬಿಟ್ಟು ಹತ್ತು ವರ್ಷವಾಗಿದ್ದರೂ ಆ ಗುಟ್ಟು ಕಾಯುವ ಹೊಣೆ ನಿಮ್ಮದೇ.