ಫೋಟಾನುಗಳಿಗೊಂದು ಬೇರಿಯಂ ಪರೀಕ್ಷೆ

ಪ್ರಶ್ನೆ: ಬೆಳಕಿನ ಕಣಗಳಾದ ಫೋಟಾನುಗಳು ಬೋಸಾನ್ ಗುಂಪಿನವು ಅಂತ ನಮ್ಮ ಪುಸ್ತಕ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಇದನ್ನು ಯಾರಾದರೂ ನಿಜವಾಗಿ ಪರೀಕ್ಷೆ ಮಾಡಿ ನೋಡಿದ್ದಾರಾ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ನೋಡಿದ್ದಾರೆ. ಅದೂ ಬೇರಿಯಂ ಬಳಸಿ. ಸಾಲ್ಟ್ ಅನಾಲಿಸಿಸ್ ಮಾಡುವಾಗ ಬರ್ನರ್ ಉರಿಗೆ ತಿಳಿಹಸಿರು ಬಣ್ಣ ಕೊಡುತ್ತದಲ್ಲ, ಅದೇ ಬೇರಿಯಂ.

1924ರಲ್ಲಿ ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸ್ ಫೋಟಾನುಗಳನ್ನು ಎಣಿಸುವ ಹೊಸ ಲೆಕ್ಕ ಕಟ್ಟಿ ಐನ್‌ಸ್ಟೈನ್‌ಗೆ ಕಳಿಸಿದರು. ಒಂದೇ ಥರದ ಎರಡು ಫೋಟಾನುಗಳನ್ನು ಅದಲುಬದಲು ಮಾಡಿದರೂ ಏನೂ ಬದಲಾಗಬಾರದು, ಅದು ಆ ಲೆಕ್ಕದ ಜೀವಾಳ. ಈ ಲೆಕ್ಕ ಪಾಲಿಸುವ ಕಣಗಳೇ ಬೋಸಾನುಗಳು.

ಈಗ ಬೇರಿಯಂ ಪರಮಾಣುವಿಗೆ ಬನ್ನಿ. ಅದರ ಕೆಳಗಿನ ಸ್ಥಿತಿಯಲ್ಲಿ ಕೋನೀಯ ಸಂವೇಗ, ಅಂದರೆ ತಿರುಗುವಿಕೆಯ ಅಳತೆ, ಸೊನ್ನೆ. ಮೇಲೆ ಒಂದು ಸ್ಥಿತಿ ಇದೆ, ಅಲ್ಲಿ ಅದು ಒಂದು. ಎರಡು ಫೋಟಾನುಗಳನ್ನು ಒಟ್ಟಿಗೆ ನುಂಗಿ ಪರಮಾಣು ಅಲ್ಲಿಗೆ ಜಿಗಿಯಬೇಕು. ಆದರೆ ಮೊತ್ತ 'ಒಂದು' ಬರುವಂತೆ ಫೋಟಾನುಗಳನ್ನು ಜೋಡಿಸಿ ಅದಲುಬದಲು ಮಾಡಿದರೆ ಪ್ಲಸ್ ಇದ್ದದ್ದು ಮೈನಸ್ ಆಗುತ್ತದೆ. ಎರಡೂ ತದ್ರೂಪಿಗಳಾಗಿದ್ದರೆ ಬದಲಾಗಲೇಬಾರದು, ಅಲ್ವಾ? ತನ್ನದೇ ಮೈನಸ್‌ಗೆ ಸಮನಾದ ಸಂಖ್ಯೆ ಸೊನ್ನೆ ಮಾತ್ರ. ಹಾಗಾಗಿ ಜಿಗಿತವೇ ಇಲ್ಲ. ಎರಡು ಫೋಟಾನುಗಳ ಬಣ್ಣ ಸ್ವಲ್ಪ ಬೇರೆಯಾಗಿದ್ದರೆ ಮಾತ್ರ ಜಿಗಿತಕ್ಕೆ ದಾರಿ ಉಂಟು.

ನನಗೆ ತುಂಬ ಹಿಡಿಸುವುದು ಇಲ್ಲಿನ ಜಾಣತನ. ಬೇರೆ ಪ್ರಯೋಗಗಳಲ್ಲಿ ದೊಡ್ಡ ಬೆಳಕಿನ ನಡುವೆ ಚೂರು ವ್ಯತ್ಯಾಸ ಹುಡುಕಬೇಕು. ಇಲ್ಲಿ ಪೂರ್ತಿ ಕತ್ತಲು ಇರಬೇಕಾದ ಕಡೆ ಬೆಳಕು ಕಾಣುತ್ತದಾ ಅಂತ ನೋಡಿದರೆ ಸಾಕು.

ಅಮೆರಿಕದ ಬರ್ಕ್ಲಿಯಲ್ಲಿ ಡಿಮಿಟ್ರಿ ಬುಡ್ಕರ್ ಮತ್ತು ಸಂಗಡಿಗರು ಇದನ್ನೇ ಮಾಡಿ 2010ರಲ್ಲಿ ಪ್ರಕಟಿಸಿದರು. ಎದುರುಬದುರು ಎರಡು ಕನ್ನಡಿ. ಅವುಗಳ ನಡುವೆ ಹಸಿರು ಲೇಸರ್ ಬೆಳಕು ಹೋಗಿ ಬಂದು, ಹೋಗಿ ಬಂದು ಬಲವಾಗುತ್ತದೆ. ಅದನ್ನು ಹಾದು ನಿರ್ವಾತದಲ್ಲಿ ಬೇರಿಯಂ ಪರಮಾಣುಗಳ ಸಣ್ಣ ಧಾರೆ. ಜಿಗಿದ ಪರಮಾಣು ಕೆಳಗೆ ಬೀಳುವಾಗ ಬೇರೆ ಬಣ್ಣದ ಬೆಳಕು ಚೆಲ್ಲಲೇಬೇಕು. ಅದಕ್ಕಾಗಿ ಪಕ್ಕದಲ್ಲೇ ಡಿಟೆಕ್ಟರ್ ಕಾಯುತ್ತಿರುತ್ತದೆ.

ನಿಯಮ ಮುರಿದ ಜಿಗಿತ ಸಿಗಲಿಲ್ಲ. ಇದ್ದರೂ, ಅನುಮತಿ ಇರುವ ಅಂಥದೇ ಜಿಗಿತಕ್ಕೆ ಹೋಲಿಸಿದರೆ ಹತ್ತು ಸಾವಿರ ಕೋಟಿಗೆ 4ಕ್ಕಿಂತ ಕಮ್ಮಿ ಅಂತ ಅವರು ಮಿತಿ ಹಾಕಿದರು. 1999ರಲ್ಲಿ ಇದೇ ಬೇರಿಯಂ ಇಟ್ಟುಕೊಂಡು ಬುಡ್ಕರ್ ಜೊತೆ ಡೇವಿಡ್ ಡಿಮಿಲ್ ಮತ್ತಿತರರು ಮಾಡಿದ ಪ್ರಯೋಗದಲ್ಲಿ ಆ ಮಿತಿ ಸುಮಾರು ಕೋಟಿಗೆ ಒಂದು ಇತ್ತು.