ಪ್ರಶ್ನೋತ್ತರ: ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ಶಿಕ್ಷಕರ ಉನ್ನತ ವ್ಯಾಸಂಗ

ಅಮೆರಿಕದ ಶಾಲೆಗಳಲ್ಲಿ ಪಾಠ ಹೇಳುತ್ತಿರುವ ಮತ್ತು ಅಲ್ಲಿಗೆ ಹೋಗಲು ಬಯಸುವ ಶಿಕ್ಷಕರಿಂದ ಬಂದ ಹಲವು ಪತ್ರಗಳು ಒಂದೇ ವಿಷಯವನ್ನು ಕುರಿತಿವೆ: ಅಲ್ಲಿನ ಕ್ರೈಸ್ತ ವಿಶ್ವವಿದ್ಯಾಲಯಗಳಲ್ಲಿ ಶಿಕ್ಷಣಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗ. ಅವುಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಟೆಕ್ಸಸ್‌ನ ಸರ್ಕಾರಿ ಶಾಲೆಯಲ್ಲಿ ನಾಲ್ಕು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಮುಂದೆ ಪ್ರಾಂಶುಪಾಲೆಯಾಗುವ ಆಸೆಯಿದೆ. ಬೇರೆ ರಾಜ್ಯದ ಕ್ರೈಸ್ತ ವಿಶ್ವವಿದ್ಯಾಲಯವೊಂದು ಶೈಕ್ಷಣಿಕ ನಾಯಕತ್ವದಲ್ಲಿ ಆನ್‌ಲೈನ್ ಎಂ.ಎಡ್. ನೀಡುತ್ತದೆ. ಧಾರ್ಮಿಕ ಸಂಸ್ಥೆಯ ಪದವಿಯನ್ನು ಸರ್ಕಾರ ಒಪ್ಪುತ್ತದೆಯೇ?
(ಓದುಗರೊಬ್ಬರು, ಡಲ್ಲಾಸ್)

ಉತ್ತರ: ಸಂಸ್ಥೆ ಧಾರ್ಮಿಕವೆಂಬ ಕಾರಣಕ್ಕೆ ಪದವಿಯನ್ನು ಯಾರೂ ತಳ್ಳಿಹಾಕುವುದಿಲ್ಲ. ವೇಕೋ ನಗರದ ಬೇಲರ್ ವಿಶ್ವವಿದ್ಯಾಲಯ ಬ್ಯಾಪ್ಟಿಸ್ಟ್ ಪರಂಪರೆಯದು. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ ಸರ್ಕಾರದ್ದು. ಎರಡಕ್ಕೂ ಮಾನ್ಯತೆ ನೀಡಿರುವುದು ದಕ್ಷಿಣದ ರಾಜ್ಯಗಳ ಒಂದೇ ಮಾನ್ಯತಾ ಮಂಡಳಿ. ಆದುದರಿಂದ ನೀವು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಪದವಿಯನ್ನು ಕೊಡುವುದು ವಿಶ್ವವಿದ್ಯಾಲಯ, ಪ್ರಾಂಶುಪಾಲರ ಪರವಾನಗಿಯನ್ನು ಕೊಡುವುದು ರಾಜ್ಯ. ಮೊದಲನೆಯದು ಕೈಗೆ ಬಂದೊಡನೆ ಎರಡನೆಯದೂ ತಾನಾಗಿ ಬರುತ್ತದೆಂದು ನಂಬಿ, ವ್ಯಾಸಂಗವೆಲ್ಲ ಮುಗಿದ ಮೇಲೆ ಪರದಾಡುವವರೇ ಹೆಚ್ಚು.

ಟೆಕ್ಸಸ್‌ನಲ್ಲಿ ಈ ಪರವಾನಗಿಗೆ, ಅಂದರೆ ಪ್ರಾಂಶುಪಾಲರ ಪ್ರಮಾಣಪತ್ರಕ್ಕೆ, ಮಾನ್ಯತೆಯುಳ್ಳ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ, ಚಾಲ್ತಿಯಲ್ಲಿರುವ ಶಿಕ್ಷಕ ಪ್ರಮಾಣಪತ್ರ, ಎರಡು ವರ್ಷಗಳ ಬೋಧನಾನುಭವ, ರಾಜ್ಯ ಅನುಮೋದಿಸಿದ ತರಬೇತಿ ಕಾರ್ಯಕ್ರಮದ ಪೂರೈಕೆ ಇವಿಷ್ಟೂ ಬೇಕು; ಇವುಗಳ ಜೊತೆಗೆ 268 ಸಂಖ್ಯೆಯ ಲಿಖಿತ ಪರೀಕ್ಷೆಯನ್ನೂ, ಶಾಲೆಯಲ್ಲಿ ನೀವು ಮಾಡಿದ ಕೆಲಸದ ದಾಖಲೆಗಳನ್ನು ಆಧರಿಸಿದ ಇನ್ನೊಂದು ಮೌಲ್ಯಮಾಪನವನ್ನೂ ದಾಟಬೇಕು. ತರಬೇತಿಯ ಭಾಗವಾಗಿ ಕನಿಷ್ಠ 160 ಗಂಟೆಗಳ ಪ್ರಾಯೋಗಿಕ ಅನುಭವವಿರುತ್ತದೆ. ನಿಮ್ಮ ಅನುಭವ ಸಾಕಷ್ಟಾಯಿತು. ಆದರೆ ಬೇರೆ ರಾಜ್ಯದ ಆನ್‌ಲೈನ್ ಕಾರ್ಯಕ್ರಮಕ್ಕೆ ತನ್ನ ರಾಜ್ಯದ ಅನುಮೋದನೆಯಷ್ಟೇ ಇದ್ದು, ಟೆಕ್ಸಸ್‌ನದು ಇಲ್ಲದಿರಬಹುದು. ಇನ್ನೂ ಸೂಕ್ಷ್ಮವಾದ ಸಂಗತಿಯೆಂದರೆ, ಒಂದೇ ವಿಶ್ವವಿದ್ಯಾಲಯ ಒಂದೇ ಹೆಸರಿನ ಎಂ.ಎಡ್. ಪದವಿಯನ್ನು ಪರವಾನಗಿಗೆ ದಾರಿಯಾಗುವ ಬಗೆಯಲ್ಲಿಯೂ ಆಗದ ಬಗೆಯಲ್ಲಿಯೂ ನಡೆಸುವುದುಂಟು; ಜಾಹೀರಾತಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಪರವಾನಗಿಗೆ ಸಂಬಂಧಿಸಿದ ವ್ಯಾಸಂಗವು ಯಾವ ರಾಜ್ಯಗಳ ನಿಯಮವನ್ನು ಪೂರೈಸುತ್ತದೆ, ಯಾವುವನ್ನು ಪೂರೈಸುವುದಿಲ್ಲ ಎಂಬುದನ್ನು ವಿಶ್ವವಿದ್ಯಾಲಯಗಳು ಬಹಿರಂಗವಾಗಿ ತಿಳಿಸಬೇಕೆಂದು ಒಕ್ಕೂಟ ಸರ್ಕಾರದ ನಿಯಮವಿದೆ. ಆ ಪಟ್ಟಿಯಲ್ಲಿ ಟೆಕ್ಸಸ್ ಯಾವ ಕಡೆಗಿದೆ ಎಂದು ನೋಡಿ, ಪ್ರವೇಶ ಕಚೇರಿಯಿಂದ ಲಿಖಿತ ಉತ್ತರ ಪಡೆದ ಮೇಲೆಯೇ ಶುಲ್ಕ ಕಟ್ಟುವುದು ಒಳಿತು.

ಪ್ರಶ್ನೆ: ನಾನು ಕ್ರೈಸ್ತಳಲ್ಲ. ಇಂಥ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಸಿಗುತ್ತದೆಯೇ? ಸಿಕ್ಕರೆ, ತರಗತಿಯಲ್ಲಿ ಧರ್ಮದ ಪಾಲು ಎಷ್ಟಿರುತ್ತದೆ?
(ಓದುಗರೊಬ್ಬರು, ಸಿಯಾಟಲ್)

ಉತ್ತರ: ಕ್ರೈಸ್ತ ವಿಶ್ವವಿದ್ಯಾಲಯಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಲಾಗದು. ನಿಮ್ಮ ಊರಿನ ಸಿಯಾಟಲ್ ಪೆಸಿಫಿಕ್ ವಿಶ್ವವಿದ್ಯಾಲಯವಾಗಲಿ, ಬೇಲರ್ ಆಗಲಿ, ಇಂಡಿಯಾನಾದ ಕ್ಯಾಥೊಲಿಕ್ ನಾಟರ್ ಡೇಮ್ ಆಗಲಿ ವಿದ್ಯಾರ್ಥಿಗಳು ಕ್ರೈಸ್ತರೇ ಆಗಿರಬೇಕೆಂದು ಕೇಳುವುದಿಲ್ಲ. ನಂಬಿಕೆಯ ಹೇಳಿಕೆಗೆ ವಿದ್ಯಾರ್ಥಿಗಳ ಸಹಿಯನ್ನೇ ಕೇಳುವ ಸಂಸ್ಥೆಗಳೂ ಇವೆ. ಇನ್ನು ಕೆಲವೆಡೆ ನಂಬಿಕೆಯ ವಿಚಾರದಲ್ಲಿ ಒತ್ತಾಯವಿರುವುದಿಲ್ಲ, ಆದರೆ ಮದ್ಯಪಾನ, ಲೈಂಗಿಕ ನಡತೆ ಮುಂತಾದವುಗಳ ಕುರಿತ ನಡವಳಿಕೆಯ ಒಡಂಬಡಿಕೆಗೆ ಒಪ್ಪಿಗೆ ಬೇಕಾಗುತ್ತದೆ. ಅಧ್ಯಾಪಕರ ವಿಷಯದಲ್ಲಿ ನಿಯಮಗಳು ಸಾಮಾನ್ಯವಾಗಿ ಇನ್ನೂ ಬಿಗಿ: ಮಿಶಿಗನ್‌ನ ಕ್ಯಾಲ್ವಿನ್ ವಿಶ್ವವಿದ್ಯಾಲಯದ ಅಧ್ಯಾಪಕರು ಪ್ರಾಟೆಸ್ಟಂಟ್ ಕ್ರೈಸ್ತರ ಸುಧಾರಿತ (ರಿಫಾರ್ಮ್ಡ್) ಪಂಥದ ವಿಶ್ವಾಸಪ್ರಮಾಣಗಳಿಗೆ ಸಮ್ಮತಿ ನೀಡಬೇಕು. ಧಾರ್ಮಿಕ ಸಂಸ್ಥೆಗಳು ನೇಮಕಾತಿಯಲ್ಲಿ ಸ್ವಧರ್ಮೀಯರಿಗೆ ಆದ್ಯತೆ ಕೊಡಲು 1964ರ ನಾಗರಿಕ ಹಕ್ಕುಗಳ ಕಾಯ್ದೆಯೇ ವಿನಾಯಿತಿ ನೀಡಿದೆ.

ತರಗತಿಯೊಳಗೆ ಶಾಲಾ ಕಾನೂನು, ಬಜೆಟ್, ಪಠ್ಯಕ್ರಮ ವಿನ್ಯಾಸ, ದತ್ತಾಂಶ ವಿಶ್ಲೇಷಣೆ ಎಲ್ಲವೂ ಇತರ ವಿಶ್ವವಿದ್ಯಾಲಯಗಳಲ್ಲಿ ಇರುವಂತೆಯೇ ಇರುತ್ತವೆ. ಪರವಾನಗಿಯ ಪಠ್ಯವನ್ನು ನಿರ್ಧರಿಸುವುದು ಬಹುಮಟ್ಟಿಗೆ ರಾಜ್ಯದ ಮಾನದಂಡ ಮತ್ತು 2015ರಲ್ಲಿ ಪರಿಷ್ಕೃತವಾದ ಶೈಕ್ಷಣಿಕ ನಾಯಕರ ರಾಷ್ಟ್ರೀಯ ಮಾನದಂಡ. ಧರ್ಮದ ಬಣ್ಣ ಎದ್ದು ಕಾಣುವುದು ನೀತಿಶಾಸ್ತ್ರ, ವೃತ್ತಿಯನ್ನು ದೈವಕರೆಯೆಂದು ಕಾಣುವ ಚರ್ಚೆ ಮತ್ತು ಸೇವಕ ನಾಯಕತ್ವದ, ಅಂದರೆ ನಾಯಕನಾದವನು ಮೊದಲು ತನ್ನವರ ಸೇವಕನಾಗಬೇಕೆಂಬ ಕಲ್ಪನೆಯ, ಪಾಠಗಳಲ್ಲಿ. ಈ ಕೊನೆಯ ಕಲ್ಪನೆಯನ್ನು ಈಚಿನ ಕಾಲದಲ್ಲಿ ಪ್ರಚಾರಕ್ಕೆ ತಂದವರು ಪಾದ್ರಿಯಲ್ಲ, ಎಟಿ ಅಂಡ್ ಟಿ ದೂರವಾಣಿ ಕಂಪನಿಯಲ್ಲಿ ದೀರ್ಘಕಾಲ ಆಡಳಿತಗಾರರಾಗಿದ್ದ ರಾಬರ್ಟ್ ಗ್ರೀನ್‌ಲೀಫ್. ಅವರು ಅದನ್ನು ಪ್ರಬಂಧವಾಗಿ ಮಂಡಿಸಿದ್ದು 1970ರಲ್ಲಿ.

ನೀವು ಸರ್ಕಾರಿ ಶಾಲೆಗೆ ಹಿಂದಿರುಗುವಿರಾದರೆ ತರಗತಿಯಲ್ಲಿ ಕಲಿತ ಎಲ್ಲವನ್ನೂ ಅಲ್ಲಿ ಹಾಗೆಯೇ ಬಳಸಲಾಗದು. ಸರ್ಕಾರಿ ಶಾಲೆ ಪ್ರಾರ್ಥನೆಯನ್ನು ಪ್ರಾಯೋಜಿಸುವಂತಿಲ್ಲ ಎಂದು 1962ರಲ್ಲಿ, ಭಕ್ತಿಪೂರ್ವಕ ಬೈಬಲ್ ಪಠಣ ನಡೆಸುವಂತಿಲ್ಲ ಎಂದು 1963ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಧರ್ಮಗ್ರಂಥವನ್ನು ಸಾಹಿತ್ಯವಾಗಿ, ಇತಿಹಾಸವಾಗಿ ಅಧ್ಯಯನ ಮಾಡಲು ಅಡ್ಡಿಯಿಲ್ಲ ಎಂದೂ ಎರಡನೆಯ ತೀರ್ಪಿನಲ್ಲಿದೆ. ಫುಟ್‌ಬಾಲ್ ತರಬೇತುದಾರರೊಬ್ಬರ ವೈಯಕ್ತಿಕ ಪ್ರಾರ್ಥನೆಯನ್ನು ಎತ್ತಿಹಿಡಿದ 2022ರ ತೀರ್ಪು ನಿಮ್ಮ ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಶಾಲಾ ಜಿಲ್ಲೆಯದೇ (ಶಾಲಾ ಜಿಲ್ಲೆ ಎಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ ಘಟಕ). ಈ ಗೆರೆಗಳನ್ನು ನೇರವಾಗಿ ಚರ್ಚಿಸುವ ಶಾಲಾ ಕಾನೂನಿನ ತರಗತಿ ಇದೆಯೇ ಎಂಬುದನ್ನು ನಾನಾಗಿದ್ದರೆ ಎಲ್ಲಕ್ಕಿಂತ ಮೊದಲು ವಿಚಾರಿಸುತ್ತಿದ್ದೆ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಕ್ರೈಸ್ತ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ಉಪ ಪ್ರಾಂಶುಪಾಲೆಯ ಹುದ್ದೆ ಕೊಡುವುದಾಗಿ ಹೇಳಿದ್ದಾರೆ. ಪರವಾನಗಿ ಬೇಕೇ? ಒಪ್ಪಂದದಲ್ಲಿ ಏನನ್ನು ಗಮನಿಸಬೇಕು?
(ಓದುಗರೊಬ್ಬರು, ಸ್ಯಾನ್ ಹೋಸೆ)

ಉತ್ತರ: ಖಾಸಗಿ ಶಾಲೆಯ ಆಡಳಿತ ಹುದ್ದೆಗೆ ಕ್ಯಾಲಿಫೋರ್ನಿಯಾ ರಾಜ್ಯ ಪರವಾನಗಿಯನ್ನು ಕಡ್ಡಾಯ ಮಾಡಿಲ್ಲ. ಕ್ರೈಸ್ತ ಶಾಲೆಗಳ ಅಂತರರಾಷ್ಟ್ರೀಯ ಸಂಘವು ತನ್ನದೇ ಪ್ರಮಾಣಪತ್ರಗಳನ್ನು ನೀಡುತ್ತದೆ. ನಿಮ್ಮ ಶಾಲೆ ಅದನ್ನು ಕೇಳಬಹುದು, ಆದರೆ ಅದು ರಾಜ್ಯದ ಪರವಾನಗಿಗೆ ಬದಲಿಯಲ್ಲ. ಮುಂದೆಂದಾದರೂ ಸರ್ಕಾರಿ ಶಾಲೆಯ ಆಡಳಿತಕ್ಕೆ ಹೋಗುವ ಯೋಚನೆಯಿದ್ದರೆ ಐದು ವರ್ಷಗಳ ಅನುಭವ ತೋರಿಸಿ ರಾಜ್ಯದ ಆರಂಭಿಕ ಹಂತದ ಆಡಳಿತ ಪರವಾನಗಿ ಪಡೆಯಬೇಕಾಗುತ್ತದೆ. ಆದ್ದರಿಂದ ಎಂ.ಎಡ್. ಮಾಡುವುದಿದ್ದರೆ ಆ ಪರವಾನಗಿಯೂ ಸೇರಿದ ಕಾರ್ಯಕ್ರಮವನ್ನೇ ಆರಿಸಿಕೊಳ್ಳಿ.

ಒಪ್ಪಂದದ ವಿಷಯ ಇದಕ್ಕಿಂತ ಗಂಭೀರವಾದುದು. ಧಾರ್ಮಿಕ ಸಂಸ್ಥೆಯೊಂದು ತನ್ನ ಧರ್ಮಸೇವಕರನ್ನು ಆರಿಸುವ, ತೆಗೆಯುವ ವಿಷಯದಲ್ಲಿ ಉದ್ಯೋಗ ತಾರತಮ್ಯದ ಕಾನೂನುಗಳು ಕೈಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ, ಮಿಶಿಗನ್‌ನ ಲೂಥರನ್ ಶಾಲೆಯ ಶಿಕ್ಷಕಿಯೊಬ್ಬರ ಮೊಕದ್ದಮೆಯಲ್ಲಿ, ಸರ್ವಾನುಮತದಿಂದ ಹೇಳಿತು. 2020ರಲ್ಲಿ ಲಾಸ್ ಏಂಜಲಿಸ್ ಪ್ರದೇಶದ ಎರಡು ಕ್ಯಾಥೊಲಿಕ್ ಶಾಲೆಗಳ ಪ್ರಕರಣದಲ್ಲಿ ಇದೇ ತತ್ವವನ್ನು ವಿಸ್ತರಿಸಿ, ಹುದ್ದೆಯ ಹೆಸರಲ್ಲಿ ಏನಿದ್ದರೂ ಮಕ್ಕಳಿಗೆ ಧರ್ಮಬೋಧನೆ ಮಾಡುವ ಹೊಣೆಯಿದ್ದರೆ ಆ ಶಿಕ್ಷಕರೂ ಇದರ ವ್ಯಾಪ್ತಿಗೆ ಬರುತ್ತಾರೆ ಎಂದಿತು. ಅಂದರೆ ನಾಳೆ ವಯಸ್ಸಿನ ಅಥವಾ ಕಾಯಿಲೆಯ ಕಾರಣದಿಂದ ನಿಮ್ಮನ್ನು ತೆಗೆದರೂ ನ್ಯಾಯಾಲಯದ ಬಾಗಿಲು ಮುಚ್ಚಿರುವ ಸಾಧ್ಯತೆಯಿದೆ. ಪ್ರಾರ್ಥನೆ ನಡೆಸುವುದು, ಬೈಬಲ್ ಪಾಠ ಹೇಳುವುದು, ಇತರ ಶಿಕ್ಷಕರ ಆಧ್ಯಾತ್ಮಿಕ ಬೆಳವಣಿಗೆಯ ಮೇಲ್ವಿಚಾರಣೆ ಇಂಥ ಕರ್ತವ್ಯಗಳು ಹೊಸ ಹುದ್ದೆಯ ವಿವರಣೆಯಲ್ಲಿ ಬರೆದಿವೆಯೇ ಎಂದು ನೋಡಿ, ಉದ್ಯೋಗ ಕಾನೂನು ಬಲ್ಲ ವಕೀಲರಿಗೆ ತೋರಿಸಿಯೇ ಸಹಿ ಮಾಡಿ. ನಾಳೆ ನೀವೇ ಇಂಥ ಒಪ್ಪಂದಗಳನ್ನು ನಿಮ್ಮ ಕೈಕೆಳಗಿನ ಶಿಕ್ಷಕರ ಮುಂದೆ ಇಡುವವರಾದ್ದರಿಂದ, ಅದರ ಪರಿಣಾಮವನ್ನು ಅವರಿಗೆ ಬಿಡಿಸಿ ಹೇಳುವ ಹೊಣೆಯೂ ನಿಮ್ಮದಾಗುತ್ತದೆ.

ಪ್ರಶ್ನೆ: ಎಂ.ಎಡ್. ಆಗಿದೆ. ಎಡ್.ಡಿ. (ಶಿಕ್ಷಣಶಾಸ್ತ್ರದ ವೃತ್ತಿಪರ ಡಾಕ್ಟರೇಟ್) ಮಾಡಬೇಕೇ, ಪಿಎಚ್.ಡಿ. ಮಾಡಬೇಕೇ? ಸಂಬಳ ಹೆಚ್ಚುತ್ತದೆಯೇ?
(ಓದುಗರೊಬ್ಬರು, ಶಾರ್ಲಟ್)

ಉತ್ತರ: ಸಂಶೋಧಕರಾಗುವುದಿದ್ದರೆ ಪಿಎಚ್.ಡಿ.; ಶಾಲಾ ಜಿಲ್ಲೆಯ ಆಡಳಿತದಲ್ಲಿ ಮೇಲೇರುವುದಿದ್ದರೆ ಎಡ್.ಡಿ. ಹಾರ್ವರ್ಡ್ ಸುಮಾರು ನೂರು ವರ್ಷಗಳ ಹಿಂದೆ ಆರಂಭಿಸಿದ ಎಡ್.ಡಿ. ಪದವಿ ಬಹುಕಾಲ ಪಿಎಚ್.ಡಿ.ಯ ನೆರಳಿನಂತಿತ್ತು, 2007ರಲ್ಲಿ ಕಾರ್ನೆಗಿ ಪ್ರತಿಷ್ಠಾನದ ಬೆಂಬಲದಿಂದ ಶುರುವಾದ ಸುಧಾರಣೆಯ ನಂತರ ಹಲವು ವಿಶ್ವವಿದ್ಯಾಲಯಗಳು ಮಹಾಪ್ರಬಂಧಕ್ಕೆ ಅಭ್ಯರ್ಥಿಯ ಸ್ವಂತ ಶಾಲೆಯ ಸಮಸ್ಯೆಯನ್ನೇ ವಸ್ತುವಾಗಿ ತೆಗೆದುಕೊಳ್ಳುವಂತೆ ಬದಲಿಸಿವೆ. ಸಂಬಳದ ಬಗ್ಗೆ ಹೇಳುವುದಾದರೆ, ಬಹಳಷ್ಟು ಜಿಲ್ಲೆಗಳ ವೇತನಪಟ್ಟಿಯಲ್ಲಿ ಸ್ನಾತಕೋತ್ತರ ಪದವಿಗೆ ಪ್ರತ್ಯೇಕವಾದ, ಹೆಚ್ಚಿನ ವೇತನದ ಕಾಲಂ ಇದೆ. ಆದರೆ ನಿಮ್ಮ ಉತ್ತರ ಕ್ಯಾರೊಲಿನಾ 2013ರಲ್ಲಿಯೇ ಹೊಸ ಶಿಕ್ಷಕರಿಗೆ ಆ ಹೆಚ್ಚಳವನ್ನು ಬಹುಮಟ್ಟಿಗೆ ನಿಲ್ಲಿಸಿತು. ಜಿಲ್ಲೆಯ ವೇತನಪಟ್ಟಿ ನೋಡದೆ ಡಾಕ್ಟರೇಟ್‌ಗಾಗಿ ಸಾಲ ಮಾಡುವುದು ನನಗೆ ಸರಿಯೆನಿಸುವುದಿಲ್ಲ.

ಪ್ರಶ್ನೆ: ಹಣದ ನೆರವಿಗಾಗಿ, ಅಮೆರಿಕದ ಒಕ್ಕೂಟ ಸರ್ಕಾರ ಶಿಕ್ಷಕರ ವ್ಯಾಸಂಗಕ್ಕೆ ಕೊಡುವ ಟೀಚ್ ಅನುದಾನದ ಬಗ್ಗೆ ಕೇಳಿದ್ದೇನೆ. ಭಾರತದಿಂದ ಬರುವವರಿಗೂ ಸಿಗುತ್ತದೆಯೇ? ಆನ್‌ಲೈನ್ ವ್ಯಾಸಂಗಕ್ಕೆ ವಿದ್ಯಾರ್ಥಿ ವೀಸಾ ದೊರೆಯುವುದೇ?
(ಓದುಗರೊಬ್ಬರು, ಮೈಸೂರು)

ಉತ್ತರ: ಅನುದಾನವಿರುವುದು ಅಮೆರಿಕದ ಪ್ರಜೆಗಳಿಗೆ ಮತ್ತು ಹಸಿರು ಕಾರ್ಡ್ ಹೊಂದಿದವರಂಥ ಅರ್ಹ ವಿದೇಶೀಯರಿಗೆ ಮಾತ್ರ. ಪೂರ್ತಿ ಆನ್‌ಲೈನ್ ಪದವಿಗೆ ಎಫ್-1 ಎಂಬ ವಿದ್ಯಾರ್ಥಿ ವೀಸಾ ಸಿಗುವುದಿಲ್ಲ. ಎಫ್-1 ವಿದ್ಯಾರ್ಥಿ ಒಂದು ಅವಧಿಯಲ್ಲಿ ಪೂರ್ಣಕಾಲಿಕ ವ್ಯಾಸಂಗದ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದಾದದ್ದು ಒಂದು ಆನ್‌ಲೈನ್ ತರಗತಿ ಅಥವಾ ಮೂರು ಕ್ರೆಡಿಟ್ ಮಾತ್ರ. ಅನುದಾನಕ್ಕೆ ಅರ್ಹರಾದ ಇತರ ಓದುಗರಿಗೆ ಒಂದು ಎಚ್ಚರಿಕೆ: ವರ್ಷಕ್ಕೆ ಗರಿಷ್ಠ 4,000 ಡಾಲರ್‌ಗಳ ಈ ಹಣಕ್ಕೆ ಪ್ರತಿಯಾಗಿ, ವ್ಯಾಸಂಗ ಮುಗಿದ ಎಂಟು ವರ್ಷಗಳೊಳಗೆ ನಾಲ್ಕು ವರ್ಷ ಬಡ ಮಕ್ಕಳು ಹೆಚ್ಚಾಗಿರುವ ಶಾಲೆಯಲ್ಲಿ, ಶಿಕ್ಷಕರ ಕೊರತೆಯಿರುವ ವಿಷಯವನ್ನು ಪೂರ್ಣಕಾಲ ಬೋಧಿಸಬೇಕು. ಪ್ರಾಂಶುಪಾಲರಾಗಿ ದುಡಿದ ವರ್ಷಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಷರತ್ತು ಪೂರೈಸದಿದ್ದರೆ ಅನುದಾನವೆಲ್ಲ ಸಾಲವಾಗಿ ಮಾರ್ಪಟ್ಟು, ಹಣ ಪಡೆದ ದಿನದಿಂದಲೇ ಬಡ್ಡಿ ಕಟ್ಟಬೇಕಾಗುತ್ತದೆ.