ಪೋರ್ಟ್‌ಲ್ಯಾಂಡ್ ಕೌನ್ಸಿಲ್‌ನಲ್ಲಿ ಶೇ 50 ಮತ ಬರದೆಯೂ ಗೆದ್ದದ್ದು ಹೇಗೆ?

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ 2024ರ ಫಲಿತಾಂಶ ನೋಡಿ, ಅರ್ಧದಷ್ಟು ಮತವೂ ಇಲ್ಲದವರನ್ನು ಗೆದ್ದರೆಂದು ಸಾರಿದ್ದೇಕೆ ಎಂದು ಕೇಳಿದ್ದೀರಿ. ಎಣಿಕೆಯಲ್ಲಿ ತಪ್ಪೇನೂ ಆಗಿಲ್ಲ, ಅಲ್ಲಿನ ನಿಯಮವೇ ಬೇರೆ.

2022ರಲ್ಲಿ ಮತದಾರರೇ ಒಪ್ಪಿದ ಬದಲಾವಣೆಯಿಂದ ಈಗ ಅಲ್ಲಿ 4 ಕ್ಷೇತ್ರ, ಪ್ರತಿ ಕ್ಷೇತ್ರಕ್ಕೆ 3 ಸದಸ್ಯರು, ಒಟ್ಟು 12. ಒಂದೇ ಕ್ಷೇತ್ರದಿಂದ ಮೂವರು ಗೆಲ್ಲಬೇಕಾದಾಗ ಎಲ್ಲರಿಗೂ ಶೇ 50 ಸಿಗಲು ಸಾಧ್ಯವೇ ಇಲ್ಲವಲ್ಲ! ಹಾಗಾಗಿ ಗೆಲ್ಲಲು ಬೇಕಾದ ಗಡಿ ಶೇ 25ಕ್ಕಿಂತ ಒಂದು ಮತ ಹೆಚ್ಚು. ಅಷ್ಟು ಮತ ನಾಲ್ವರಿಗೆ ಸಿಗಲಾರದು, ಮೂವರಿಗೆ ಸಿಗಬಹುದು.

ಅಲ್ಲಿ ಮತದಾರರು ಅಭ್ಯರ್ಥಿಗಳನ್ನು 1, 2, 3 ಎಂದು ಆದ್ಯತೆಯ ಕ್ರಮದಲ್ಲಿ ಗುರುತಿಸುತ್ತಾರೆ, ಎಣಿಕೆ ಸುತ್ತು ಸುತ್ತಾಗಿ ನಡೆಯುತ್ತದೆ. ನೀವು ಎಡವಿದ್ದು ಆ ಸುತ್ತುಗಳ ಪಟ್ಟಿಯಲ್ಲಿ ಅನ್ನಿಸುತ್ತದೆ. ಒಂದು ಲೆಕ್ಕ ಹಾಕಿ ನೋಡಿ: 20,000 ಮತಪತ್ರ ಇದ್ದರೆ ಗಡಿ 5,001. ಒಬ್ಬರಿಗೆ ಮೊದಲ ಸುತ್ತಿನಲ್ಲೇ 6,000 ಬಂದರೆ ಹೆಚ್ಚುವರಿ 999. ಆ 6,000 ಪತ್ರಗಳಲ್ಲಿ ಪ್ರತಿಯೊಂದರ ಸುಮಾರು ಆರನೇ ಒಂದು ಪಾಲು ಅದರಲ್ಲಿರುವ ಮುಂದಿನ ಆಯ್ಕೆಗೆ ಹೋಗುತ್ತದೆ. ಯಾರೂ ಗಡಿ ಮುಟ್ಟದಿದ್ದರೆ ಕೊನೆಯಲ್ಲಿರುವವರನ್ನು ಕೈಬಿಟ್ಟು, ಅವರ ಮತಗಳನ್ನು ಪತ್ರದಲ್ಲಿರುವ ಮುಂದಿನ ಆಯ್ಕೆಗೆ ಕೊಡುತ್ತಾರೆ. ಮೊದಲ ಸುತ್ತಲ್ಲಿ ನಾಲ್ಕನೆಯವರಾಗಿದ್ದವರು ಮೂರನೇ ಸ್ಥಾನಕ್ಕೆ ಬರುವುದು ಹೀಗೆ.

ಮತದಾರರು 6 ಆಯ್ಕೆಗಳವರೆಗೆ ಗುರುತಿಸಬಹುದು. ಒಬ್ಬರನ್ನೇ ಗುರುತಿಸಿ ಬಿಟ್ಟವರ ಪತ್ರ, ಆ ಅಭ್ಯರ್ಥಿ ಹೊರಬಿದ್ದರೆ ಅಲ್ಲಿಗೇ ನಿಂತುಹೋಗುತ್ತದೆ. ನನಗೆ ನಿಜಕ್ಕೂ ಬೇಸರ ತರಿಸುವುದು ಇದೇ. ಎರಡು ಕ್ಷೇತ್ರಗಳಲ್ಲಂತೂ ತಲಾ 30 ಹೆಸರಿದ್ದವು. ಅಷ್ಟು ಜನರ ಬಗ್ಗೆ ಓದಿಕೊಂಡು ಆರು ಮಂದಿಯನ್ನು ಆರಿಸುವುದು ಸಣ್ಣ ಕೆಲಸವಲ್ಲ. ಒಟ್ಟಿನಲ್ಲಿ, ಮೊದಲ ಸುತ್ತಿನ ಅಂಕಿ ನೋಡಿ ತೀರ್ಮಾನಿಸಬೇಡಿ, ಕೊನೆಯ ಸುತ್ತಿನವರೆಗೂ ಓದಿ.